ಬ್ರೋನೆಕ್‌ನ ಎಡಗಾಲು

ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಶಿಗನ್
೮ ಏಪ್ರಿಲ್ ೧೯೫೬, ಭಾನುವಾರ

ಪ್ರೀತಿಯ ಬ್ರೋನೆಕ್,

ನಿನ್ನ ತಂತಿ ಬಂದಾಗ ಅಮ್ಮ ಹಿಟ್ಟು ನಾದುತ್ತಿದ್ದಳು. ಹಿಟ್ಟು ಮೆತ್ತಿದ ಕೈಯಲ್ಲೇ ಅದನ್ನು ಹಿಡಿದುಕೊಂಡು ಹಿತ್ತಿಲಿಗೆ ಓಡಿಬಂದಳು. "ಗೇನಿಯಾ, ಬೇಗ ಓದೇ! ಯಾರು ಸತ್ರು?" ಅಂದಳು. ನಾನು ಓದಿ ಹೇಳಿದೆ. "ಯಾರೂ ಸತ್ತಿಲ್ಲಮ್ಮ. ನಿನ್ನ ಮಗ ಬೇಸ್‌ಬಾಲಿನ ಮೇಜರ್ ಲೀಗಿಗೆ ಸೇರಿದಾನೆ, ಎಲ್ಲಕ್ಕಿಂತ ದೊಡ್ಡ ಲೀಗು. ಕ್ಯಾನ್ಸಸ್ ಸಿಟಿ ತಂಡಕ್ಕೆ. ಸೆಕೆಂಡ್ ಬೇಸ್." ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಡಾಕ್ಟ್ರು ಚೆನ್ನಾಗಿದಾರಂತಾ?"

ಅಮ್ಮ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಅವಳಿಗೆ ಅಮೆರಿಕದ ಭೂಗೋಳ ಗೊತ್ತಿರುವುದೇ ನಿನ್ನ ಮೂಳೆಗಳಿಂದ. ಐಯೊವಾ ಎಂದರೆ ಕಣಕಾಲು, ಟೆಕ್ಸಸ್ ಎಂದರೆ ಭುಜ, ಒಮಾಹಾ ಎಂದರೆ ಹೆಬ್ಬೆರಳು, ಹೋದ ವರ್ಷದ ಇಂಡಿಯಾನಾಪೊಲಿಸ್ ಎಂದರೆ ಎಡಮೊಣಕಾಲು. ಒಂಬತ್ತು ವರ್ಷ ಸಣ್ಣ ಲೀಗುಗಳಲ್ಲಿ ಅಲೆದೆ. ಅದರಲ್ಲಿ ಆಡಿದ್ದೆಷ್ಟು, ಹಾಸಿಗೆ ಹಿಡಿದದ್ದೆಷ್ಟು ಎಂದು ನಾನು ಕೇಳುವುದಿಲ್ಲ. ಪ್ರತಿ ಸಲವೂ ತಂಡದವರು ನಿನಗಾಗಿ ಕಾದರು. ಅದು ದೊಡ್ಡ ಮಾತು. ಎಲ್ಲರಿಗಾಗಿ ಯಾರೂ ಹಾಗೆ ಕಾಯುವುದಿಲ್ಲ.

ಅಪ್ಪ ತಂತಿಯನ್ನು ಪೋಲಿಷ್ ಸಂಘದ ಬಾರಿಗೆ ಒಯ್ದಿದ್ದ. ಬಿಯರಿನ ಕಲೆಯೊಂದಿಗೆ ಅದು ವಾಪಸು ಬಂದಿದೆ. ಕುರ್ಚಿ ಕಾರ್ಖಾನೆಯಲ್ಲಿ ನಮ್ಮ ಮೇಸ್ತ್ರಿ ವ್ಯಾಂಡರ್‌ವೀನ್ ನನ್ನ ಮೇಜಿನ ಹತ್ತಿರ ಬಂದು, "ಅಲ್ಲಮ್ಮಾ, ಪೇಪರಲ್ಲಿ ಬಂದಿರೋ ಬ್ರೂನೋ ನಿನ್ನ ತಮ್ಮಾನಾ? ಇಷ್ಟು ದಿನ ಬಾಯೇ ಬಿಡ್ಲಿಲ್ವಲ್ಲ!" ಅಂದ. ಪೇಪರಿನವರಿಗೆ ನೀನು ಬ್ರೂನೋ. ನಾನೂ ಎಂಟು ವರ್ಷ ಇದೇ ಊರಿನಲ್ಲಿ, ಹೆಂಗಸರ ಲೀಗಿನಲ್ಲಿ, ಅದೇ ಸೆಕೆಂಡ್ ಬೇಸಿನಲ್ಲಿ ಆಡಿದ್ದು ಅವನಿಗೆ ಗೊತ್ತು. ಅದರ ಬಗ್ಗೆ ಅವನು ಒಂದು ಸಲವೂ ಕೇಳಿದ್ದಿಲ್ಲ. ಲೀಗ್ ಮುಚ್ಚಿ ಒಂದೂವರೆ ವರ್ಷವಾಯಿತಲ್ಲ, ಜನ ಎಷ್ಟು ದಿನ ನೆನಪಿಟ್ಟುಕೊಂಡಾರು.

ನನ್ನ ಮೊಣಕಾಲು ಚೆನ್ನಾಗಿದೆ. ಎಂಟು ವರ್ಷದಲ್ಲಿ ಒಂದು ಆಟವನ್ನೂ ತಪ್ಪಿಸದ ಮೊಣಕಾಲು. ಈಗ ಅದನ್ನು ಕುರ್ಚಿಯ ಮೇಲೂರಿ ಸೀಟಿನ ಬಟ್ಟೆ ಬಿಗಿಯಾಗಿ ಎಳೆಯುತ್ತೇನೆ.

ಜೋಪಾನ. ಚೆನ್ನಾಗಿ ಆಡು.

ನಿನ್ನ ಅಕ್ಕ,
ಗೇನಿಯಾ


ಚಿಕಾಗೊ
೫ ಮೇ ೧೯೫೬

ಅಕ್ಕಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಅದು ಅಷ್ಟೇನೂ ಸಿಹಿಯಾಗಿಲ್ಲ ಅನ್ನಿಸಿತು. ಇರಲಿ ಬಿಡು.

ಇಲ್ಲಿ ಎಲ್ಲವೂ ದೊಡ್ಡದು. ಹೋಟೆಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ. ಬೂಟು ಒರೆಸಲು, ಬಟ್ಟೆ ಮಡಚಲು ಬೇರೆ ಬೇರೆ ಜನ. ಆದರೆ ಮೊಣಕಾಲಿಗೆ ಇದೆಲ್ಲ ಗೊತ್ತಾಗುವುದಿಲ್ಲ. ದಿನಾ ಬೆಳಿಗ್ಗೆ ಅರ್ಧ ಗಂಟೆ ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಚಾಚಿ ಕೂರುತ್ತೇನೆ. ಅದು ಮಡಚಲು ಒಪ್ಪಿದ ಮೇಲೆ ಪಟ್ಟಿ ಸುತ್ತಿ ಮೈದಾನಕ್ಕೆ ಹೋಗುತ್ತೇನೆ. ಹೋದ ವರ್ಷ ಕೊಯ್ದು ಒಳಗಿನ ಮೆತ್ತೆಯನ್ನು ತೆಗೆದುಹಾಕಿದರಲ್ಲ, ಅಲ್ಲಿ ಈಗ ಮೂಳೆಗೆ ಮೂಳೆ ತಾಗುತ್ತದೆ. ಇದನ್ನು ಅಮ್ಮನಿಗೆ ಓದಿ ಹೇಳಬೇಡ.

ನನ್ನ ಜಾಗದ ಹಿಂದೆ ಡೆಲ್ ಪ್ರೂಟ್ ಎಂಬ ಹುಡುಗ ಬೆಂಚಿನಲ್ಲಿ ಕಾಯುತ್ತಿದ್ದಾನೆ. ಅರ್ಕಾನ್ಸಸ್ ಕಡೆಯವನು, ಇಪ್ಪತ್ತೆರಡು ವಯಸ್ಸು. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾನೆ, ಬೇಕೆಂದಲ್ಲ, ಅವನು ಹತ್ತುವುದೇ ಹಾಗೆ. ದಿನಾ ಬೆಳಿಗ್ಗೆ ಬಂದು, "ಹೆಂಗಿದೆ ಅಣ್ಣಾ ಮಂಡಿ?" ಎಂದು ಕೇಳುತ್ತಾನೆ. "ನಿನಗೆ ಹೇಗಿರಬೇಕು ಅಂತ ಆಸೆ?" ಅಂತ ನಾನು ಕೇಳಿದರೆ ಕಿವಿಯವರೆಗೂ ಕೆಂಪಾಗುತ್ತಾನೆ. ಒಳ್ಳೆಯ ಹುಡುಗ. ಅವನ ಒಳ್ಳೆಯತನವನ್ನು ಕಂಡರೇ ನನಗೆ ಆಗುವುದಿಲ್ಲ. ಕೆಟ್ಟವನಾಗಿದ್ದರೆ ದ್ವೇಷಿಸುವುದಾದರೂ ಸುಲಭವಾಗುತ್ತಿತ್ತು.

ಈಗ ಒಂದು ಕೆಲಸ ಹೇಳುತ್ತೇನೆ. ಜೂನ್ ಹತ್ತು, ಭಾನುವಾರ, ನಾವು ಡೆಟ್ರಾಯಿಟ್‌ನಲ್ಲಿ ಆಡುತ್ತೇವೆ. ಟಿಕೆಟ್ ಇಟ್ಟಿದ್ದೇನೆ. ಬಾ. ಅಪ್ಪನನ್ನು ಕರೆದುಕೊಂಡು ಬರಬೇಡ, ಅವನು ಬಂದರೆ ಕೂಗಾಡುತ್ತಾನೆ. ನೀನೊಬ್ಬಳೇ ಬಂದು ನನ್ನ ಕಾಲುಗಳನ್ನು ನೋಡು. ಎರಡನೆಯ ಬೇಸಿನಲ್ಲಿ ಚೆಂಡು ಹಿಡಿದು ತಿರುಗುವಾಗ ಏನೋ ಸರಿಯಿಲ್ಲ. ಹಿಡಿಯುವ ಕೈ ಇದೆ, ಎಸೆಯುವ ಕೈ ಇದೆ, ನಡುವೆ ಕಾಲು ಎಲ್ಲೋ ತಪ್ಪುತ್ತಿದೆ. ನಿನ್ನಂಥ ಕಣ್ಣು ಇಲ್ಲಿ ಯಾರಿಗೂ ಇಲ್ಲ. ಕಂಡದ್ದನ್ನು ಬರೆದು ತಿಳಿಸು. ಬಯ್ದರೂ ಸರಿ.

ಬ್ರೋನೆಕ್


ಗ್ರ್ಯಾಂಡ್ ರ‍್ಯಾಪಿಡ್ಸ್
೧೨ ಜೂನ್ ೧೯೫೬

ಪ್ರೀತಿಯ ಬ್ರೋನೆಕ್,

ಸುರಕ್ಷಿತವಾಗಿ ಊರು ಸೇರಿದೆ. ಅಮ್ಮ ಕಟ್ಟಿಕೊಟ್ಟ ಸಾಸೇಜ್ ನಿನಗೆ ತಲುಪಿತು ತಾನೇ? ಅದನ್ನು ಗೇಟಿನವನ ಕೈಯಲ್ಲಿ ಕೊಟ್ಟು ಬಂದೆ. ಅವನ ಮುಖ ನೋಡಿದರೆ ಅನುಮಾನ.

ಒಳ್ಳೆಯ ಜಾಗ ಕೊಡಿಸಿದ್ದೆ. ಪಕ್ಕದಲ್ಲಿ ಹಳದಿ ಟೋಪಿಯ ಹೆಂಗಸೊಬ್ಬಳು ಗಂಡನ ಜೊತೆ ಕುಳಿತಿದ್ದಳು. "ಒಬ್ರೇ ಬಂದ್ರಾ?" ಅಂದಳು. ಹೌದು ಅಂದೆ. "ಅಯ್ಯೋ ಪಾಪ! ಆಟ ಅರ್ಥ ಆಗುತ್ತಾ? ಹೆದರ್ಕೋಬೇಡಿ, ನಾನು ಹೇಳ್ಕೊಡ್ತೀನಿ. ನಮ್ಮೆಜಮಾನ್ರು ನಂಗೆ ಕಲಿಸಿದಾರೆ." ಐದು ಇನಿಂಗ್ಸ್ ಪಾಠವಾಯಿತು. ನೆಲದ ಮೇಲಿನ ಬಿಳಿ ಚೌಕಗಳೇ ಬೇಸುಗಳು, ಓಟಗಾರ ಒಂದರಿಂದ ಇನ್ನೊಂದಕ್ಕೆ ಓಡುತ್ತಾನೆ, ಚೆಂಡು ಅವನಿಗಿಂತ ಮೊದಲು ತಲುಪಿದರೆ ಔಟು, ಸೆಕೆಂಡ್ ಬೇಸಿನ ಆಟಗಾರ ಸೆಕೆಂಡ್ ಬೇಸಿನ ಹತ್ತಿರ ನಿಲ್ಲುತ್ತಾನೆ ಎಂದು ತಿಳಿದುಕೊಂಡೆ. ಅವಳು ಕೊಟ್ಟ ಕಡಲೆಕಾಯಿ ಮಾತ್ರ ಚೆನ್ನಾಗಿತ್ತು.

ನಿನ್ನ ಗೆಳೆಯರನ್ನು ನೋಡಿ ಸಂತೋಷವಾಯಿತು. ಆ ಪ್ರೂಟ್ ಮರ್ಯಾದಸ್ಥ ಹುಡುಗ. "ಇವ್ಳು ನಮ್ಮಕ್ಕ. ಇವ್ಳೂ ಸ್ವಲ್ಪ ಆಡ್ತಿದ್ಲು" ಎಂದು ನೀನು ಪರಿಚಯ ಮಾಡಿಕೊಟ್ಟಾಗ ಟೋಪಿ ತೆಗೆದವನು ಅವನೊಬ್ಬನೇ. "ಹೌದಾ ಮೇಡಂ, ಎಲ್ಲಿ?" ಎಂದೂ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಊಟದ ಮಾತೆತ್ತಿದೆ.

ನೀನು ಕೇಳಿದ್ದಕ್ಕೆ ಉತ್ತರ. ಸ್ವಲ್ಪ ಆಡುತ್ತಿದ್ದವಳ ಮಾತಿಗೆ ನೀನು ಎಷ್ಟು ಬೆಲೆ ಕೊಡುತ್ತೀಯೋ ಗೊತ್ತಿಲ್ಲ. ಎಲ್ಲ ಸರಿಯಾಗಿದೆ. ಏನನ್ನೂ ಬದಲಾಯಿಸಬೇಡ.

ಗೇನಿಯಾ


ಕ್ಯಾನ್ಸಸ್ ಸಿಟಿ
೨೮ ಜೂನ್ ೧೯೫೬

ಅಕ್ಕಾ,

ಕಾರ್ಡು ಚಿಕ್ಕದು, ವಿಷಯವೂ ಅಷ್ಟೇ. ನಿನ್ನ ಪತ್ರ ಬಂದ ಮೇಲೆ ಆ ಯೋಚನೆ ಬಿಟ್ಟೆ. ಕಾಲನ್ನು ನೋಡಿಕೊಳ್ಳುವುದು ಬಿಟ್ಟು ಚೆಂಡನ್ನು ನೋಡುತ್ತಿದ್ದೇನೆ. ಬ್ಯಾಟಿಂಗೂ ಸುಧಾರಿಸಿದೆ. ಪೇಪರಿನವರು ನನ್ನನ್ನು "ಹಳೇ ಬಂಡಿ, ಹೊಸ ಎಂಜಿನ್" ಎಂದು ಬರೆದಿದ್ದಾರೆ. ಕತ್ತರಿಸಿ ಅಪ್ಪನಿಗೆ ಕಳಿಸಿದ್ದೇನೆ. ಪ್ರೂಟ್ ಇನ್ನೂ ಬೆಂಚಿನಲ್ಲೇ ಇದ್ದಾನೆ. ಅವನನ್ನು ನೋಡಿದಾಗ ಅಯ್ಯೋ ಅನ್ನಿಸುವುದಿಲ್ಲ, ಖುಷಿಯಾಗುತ್ತದೆ. ನಾನು ಅಂಥವನೇ.

ಬಂದದ್ದಕ್ಕೆ ಉಪಕಾರವಾಯಿತು.

ಬ್ರೋನೆಕ್


ಗ್ರ್ಯಾಂಡ್ ರ‍್ಯಾಪಿಡ್ಸ್
೨೦ ಜುಲೈ ೧೯೫೬

ಬ್ರೋನೆಕ್,

ಆಸ್ಪತ್ರೆಯ ವಿಳಾಸವನ್ನು ನಿಮ್ಮ ತಂಡದವರು ಕೊಟ್ಟರು.

ಭಾನುವಾರ ಊಟ ಮುಗಿಸಿ ಎಲ್ಲರೂ ರೇಡಿಯೋ ಮುಂದೆ ಕುಳಿತಿದ್ದೆವು. ಕ್ಲೀವ್‌ಲ್ಯಾಂಡ್‌ನವರ ಓಟಗಾರ ಜಾರಿ ಬಂದು ನಿನ್ನ ಕಾಲಿಗೆ ಬಡಿದ, ನೀನು ಏಳುತ್ತಿಲ್ಲ ಎಂದು ರೇಡಿಯೋದವನು ಹೇಳಿದ. ಅಪ್ಪ, "ಎದ್ದೇಳ್ತಾನೆ, ನಮ್ಮ ಹುಡುಗ ಎದ್ದೇಳ್ತಾನೆ" ಎಂದು ಹೇಳುತ್ತಲೇ ಇದ್ದ. ಸ್ಟ್ರೆಚರ್ ತಂದರು ಎಂದಾಗ ಅಮ್ಮ ರೇಡಿಯೋ ಆರಿಸಿದಳು. ಅಪ್ಪ ಮತ್ತೆ ಹಾಕಿದ. ಹಾಕುವಷ್ಟರಲ್ಲಿ ಪ್ರೂಟ್ ಮೈದಾನಕ್ಕೆ ಬಂದಿದ್ದ.

ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಮೂರೂ ಹರಿದಿವೆ ಎಂದು ಪೇಪರಿನಲ್ಲಿ ಓದಿದೆ. ನಿಜವೇ?

ಕಾರ್ಖಾನೆಯಲ್ಲಿ ರಜೆ ಕೇಳಿದರೆ ಸಿಗುತ್ತದೆ. ನಾನಿನ್ನೂ ಕೇಳಿಲ್ಲ.

ಗೇನಿಯಾ


ಗ್ರ್ಯಾಂಡ್ ರ‍್ಯಾಪಿಡ್ಸ್
೧೧ ಆಗಸ್ಟ್ ೧೯೫೬

ಬ್ರೋನೆಕ್,

ಅಮ್ಮ ಬಂದು ಹೋದಳು, ಅಪ್ಪ ಬಂದು ಹೋದ, ನಾನು ಬರಲಿಲ್ಲ. ನೀನು ಅಮ್ಮನ ಹತ್ತಿರ, "ಅಕ್ಕನಿಗೆ ಕೆಲಸ ಜಾಸ್ತಿ ಇರ್ಬೇಕು" ಅಂದೆಯಂತೆ. ಕೆಲಸ ಜಾಸ್ತಿ ಇಲ್ಲ. ಮುಖ ತೋರಿಸಲು ಆಗಲಿಲ್ಲ, ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ಡೆಟ್ರಾಯಿಟ್‌ನಲ್ಲಿ ನಾನು ಕಂಡೆ. ನಾಲ್ಕನೆಯ ಇನಿಂಗ್ಸ್‌ನಲ್ಲೇ ಕಂಡೆ. ಹಳದಿ ಟೋಪಿಯವಳು ಏನೋ ಹೇಳುತ್ತಿದ್ದಳು. ಪಕ್ಕದ ಶಾರ್ಟ್‌ಸ್ಟಾಪ್ ಆಟಗಾರನಿಂದ ನಿನಗೆ ಚೆಂಡು ಬಂತು, ನೀನು ಎಡಗಾಲನ್ನು ಬೇಸಿನ ಮೇಲಿಟ್ಟು ಫಸ್ಟ್ ಬೇಸಿಗೆ ಎಸೆದೆ. ನಿನ್ನ ಕಡೆ ಬರುತ್ತಿದ್ದವನೂ ಫಸ್ಟ್ ಬೇಸಿನತ್ತ ಓಡಿದವನೂ ಔಟಾದರು, ಜನ ಎದ್ದು ನಿಂತರು. ನಾನು ಮಾತ್ರ ನಿನ್ನ ಕಾಲನ್ನೇ ನೋಡುತ್ತಿದ್ದೆ. ಎಸೆದ ಮೇಲೂ ಆ ಕಾಲು ಅಲ್ಲೇ ನೆಟ್ಟಿತ್ತು. ಬೇಸನ್ನು ಮುಟ್ಟಿದ ಕೂಡಲೇ ನೂಕಿಕೊಂಡು ಓಟಗಾರನ ದಾರಿಯಿಂದ ಆಚೆ ಹಾರಿಬಿಡಬೇಕು. ನೀನು ಹಾರಲಿಲ್ಲ. ಕೊಯ್ದ ಕಾಲು ನೂಕಲು ಒಪ್ಪುತ್ತಿರಲಿಲ್ಲ. ಆರನೆಯ ಇನಿಂಗ್ಸ್‌ನಲ್ಲೂ ಅದೇ, ಎಂಟರಲ್ಲೂ ಅದೇ. ಮೊಳೆ ಬೂಟಿನ ಓಟಗಾರ ಜೋರಾಗಿ ಜಾರಿ ಬಂದ ದಿನ ಈ ಕಾಲು ಹೋಗುತ್ತದೆ ಎಂದು ನನಗೆ ಅಲ್ಲಿ ಕುಳಿತೇ ಗೊತ್ತಾಯಿತು.

ಗೊತ್ತಾಗದೆ ಇರಲು ಹೇಗೆ ಸಾಧ್ಯ? ಮರ ಮಾರುವ ಅಡ್ಡೆಯ ಹಿಂದೆ ನಿನಗೆ ಈ ಹೆಜ್ಜೆ ಕಲಿಸಿದವಳು ನಾನು. ನೀನು ಹನ್ನೊಂದು ವರ್ಷದವನು, ನಾನು ಹದಿನಾಲ್ಕು. ಪೊರಕೆಯ ಕೋಲು ಹಿಡಿದು ಪ್ರತಿ ಸಲ ನಿನ್ನ ಕಣಕಾಲಿಗೆ ಬೀಸುತ್ತಿದ್ದೆ. ಹಾರದಿದ್ದರೆ ಪೆಟ್ಟು. ನೀನು ಅಳುತ್ತಾ ಹಾರುತ್ತಿದ್ದೆ.

ಆಟ ಮುಗಿದ ಮೇಲೆ ಹೇಳಬೇಕೆಂದೇ ಗೇಟಿಗೆ ಬಂದೆ. ಆಗ ನೀನು ಆ ಮಾತು ಹೇಳಿದೆ. ಇವಳೂ ಸ್ವಲ್ಪ ಆಡುತ್ತಿದ್ದಳು. ಬಸ್ಸಿನಲ್ಲಿ ಅಷ್ಟು ದೂರವೂ ಅದೊಂದೇ ಮಾತನ್ನು ಮೆಲುಕು ಹಾಕುತ್ತಾ ಬಂದೆ. ನಾವು ಸ್ಕರ್ಟ್ ಹಾಕಿಕೊಂಡು ಮಣ್ಣಿನಲ್ಲಿ ಜಾರುತ್ತಿದ್ದೆವು. ಜಾರಿದಾಗಲೆಲ್ಲ ತೊಡೆಯ ಚರ್ಮ ಕಿತ್ತು ಬರುತ್ತಿತ್ತು, ಮರುದಿನ ಅದೇ ಗಾಯದ ಮೇಲೆ ಮತ್ತೆ ಜಾರುತ್ತಿದ್ದೆವು. ಎಂಟು ವರ್ಷ ನಾನು ಒಂದು ದಿನವೂ ಕೂತವಳಲ್ಲ. ಅಪ್ಪ ನೋಡಲು ಬಂದದ್ದು ಎರಡು ಸಲ. ನೀನು ಆಡಿದ್ದಕ್ಕಿಂತ ಹೆಚ್ಚು ದಿನ ಆಸ್ಪತ್ರೆಯಲ್ಲಿದ್ದೆ, ಆದರೂ ಅವನ ಜೇಬಿನಲ್ಲಿ ಇರುವುದು ನಿನ್ನ ಚಿತ್ರ. ಮುರಿದ ಮೈಗಾಗಿ ಒಂಬತ್ತು ವರ್ಷ ಕಾದರು. ಗಟ್ಟಿಯಾದ ಮೈಗೆ ತಂಡವೇ ಇಲ್ಲ. ನನ್ನ ಹೊಟ್ಟೆ ಎಷ್ಟು ಉರಿಯುತ್ತಿತ್ತೆಂದರೆ, ಕಾಗದದ ಮುಂದೆ ಕೂತಾಗ ಸುಳ್ಳು ತಾನಾಗಿಯೇ ಬಂತು. ಎಲ್ಲ ಸರಿಯಾಗಿದೆ ಎಂದು ಬರೆದೆ. ಬರೆದಾಗ ಸಮಾಧಾನವಾಯಿತು ಎನ್ನುವುದನ್ನೂ ಹೇಳಿಬಿಡುತ್ತೇನೆ.

ನಿನ್ನ ಕಾಲು ಹೋಗಲಿ ಎಂದು ಬಯಸಲಿಲ್ಲ. ಒಂದೆರಡು ಚೆಂಡು ಕೈತಪ್ಪಲಿ, ಪೇಪರಿನವರು ಬಯ್ಯಲಿ, ಅಪ್ಪ ಒಂದು ಭಾನುವಾರ ಸಂಘಕ್ಕೆ ಹೋಗದೆ ಮನೆಯಲ್ಲಿ ಕೂರಲಿ. ಇಷ್ಟನ್ನು ಬಯಸಿದ್ದು ನಿಜ. ಐದು ವಾರ ಸಮಯವಿತ್ತು. ಒಂದು ಕಾರ್ಡು ಸಾಕಾಗಿತ್ತು. ನಿನ್ನ ಉಪಕಾರದ ಕಾರ್ಡು ಬಂದಾಗಲೂ ನಾನು ಬರೆಯಲಿಲ್ಲ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೇನೋ ಎಂಬ ಭಯ.

ಗೇನಿಯಾ


ಕ್ಯಾನ್ಸಸ್ ಸಿಟಿ
೩ ಅಕ್ಟೋಬರ್ ೧೯೫೬

ಗೇನಿಯಾ,

ನಿನ್ನ ಪತ್ರ ಬಂದು ಏಳು ವಾರವಾಯಿತು. ಮೊದಲ ವಾರ ಅದನ್ನು ಹರಿದುಹಾಕಬೇಕೆಂದಿದ್ದೆ. ಎರಡನೆಯ ವಾರ ಅಪ್ಪನಿಗೆ ಕಳಿಸಬೇಕೆಂದಿದ್ದೆ. ಮೂರನೆಯ ವಾರ ಪ್ಲಾಸ್ಟರ್ ಬಿಚ್ಚಿದರು. ಕಾಲು ಒಣಗಿದ ಕಡ್ಡಿಯಂತಾಗಿತ್ತು, ಆಮೇಲೆ ಅದರದೇ ಯೋಚನೆ. ಡಾಕ್ಟರ್ ನೇರವಾಗಿಯೇ ಹೇಳಿದರು. "ನಡೀತೀಯ. ಮೆಟ್ಟಿಲು ಹತ್ತುತ್ತೀಯ. ಮದುವೆ ಮನೇಲಿ ಒಂದು ಸುತ್ತು ಕುಣೀಲೂಬಹುದು. ಆಟ ಮಾತ್ರ ಮರೆತುಬಿಡು." ಮೇಜರ್ ಲೀಗಿನಲ್ಲಿ ನಾನು ಆಡಿದ್ದು ಎಂಬತ್ತೊಂದು ಆಟ. ಒಂಬತ್ತು ವರ್ಷ ನಡೆದು ಬಾಗಿಲು ತಲುಪಿದೆ, ಒಳಗೆ ಕೂತದ್ದು ಮೂರು ತಿಂಗಳು.

ಈಗ ನೀನು ಕೇಳು. ನನ್ನ ಕಾಲು ಎಲ್ಲಿ ನೆಡುತ್ತಿತ್ತೆಂದು ನಿನಗೊಬ್ಬಳಿಗೇ ಕಂಡಿತ್ತು ಎಂದುಕೊಂಡೆಯಾ? ಮಾರ್ಚ್‌ನಲ್ಲೇ ಕೋಚ್ ಹೇಳಿದ್ದ. ಪಟ್ಟಿ ಸುತ್ತುವ ಮುದುಕ ದಿನಾ ಹೇಳುತ್ತಿದ್ದ. ಪ್ರೂಟ್ ಕೂಡ ಹೇಳಿದ! ಜುಲೈ ಮೊದಲ ವಾರ ನನ್ನ ಪಕ್ಕ ಬಂದು ಕೂತು, ನೆಲ ನೋಡುತ್ತಾ ಅಂದ: "ಅಣ್ಣಾ, ಆ ಕಾಲು ತೆಗೆದ್ಬಿಡು. ನಿನ್ನ ಜಾಗ ನಂಗೆ ಬೇಕು, ಸುಳ್ಳು ಹೇಳಲ್ಲ. ಆದ್ರೆ ಈ ಥರ ಬೇಡ." ನನ್ನ ಜಾಗಕ್ಕೆ ಕಾದಿದ್ದವನು ಹೇಳಿದ, ಗೇನಿಯಾ. ನನ್ನ ಅಕ್ಕ ಹೇಳಲಿಲ್ಲ.

ಆದ್ದರಿಂದ ಮೊಣಕಾಲು ಮುರಿದ ಕೀರ್ತಿಯನ್ನು ನೀನು ತೆಗೆದುಕೊಳ್ಳಬೇಡ. ಚಿಕ್ಕಂದಿನಿಂದ ನನ್ನದೆಲ್ಲ ನಿನ್ನದೇ. "ಆ ಹುಡುಗನ ಕೈ ನೋಡ್ರೋ, ಅಕ್ಕನ ಕೈ ಇದ್ದಂಗಿದೆ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆ ಗೊತ್ತೇ? ಮೊದಲ ಸಲ ನನ್ನನ್ನು ನೋಡಲು ಬಂದ ತಂಡದವನೂ ನಿನ್ನ ಆಟ ನೋಡಿ ಹೋಗುವ ದಾರಿಯಲ್ಲಿ ನನ್ನನ್ನು ನೋಡಿದ್ದು. ಈಗ ನನ್ನ ನಾಶಕ್ಕೂ ನೀನೇ ಕಾರಣವಾಗಬೇಕೇ? ಅದೊಂದನ್ನಾದರೂ ನನಗೆ ಬಿಡು.

ಸ್ವಲ್ಪ ಆಡುತ್ತಿದ್ದಳು ಅಂದೆ, ಹೌದು. ಬೇಕೆಂದೇ ಅಂದೆ. ಜಗತ್ತಿನಲ್ಲಿ ಆ ಒಂದು ಗೇಟಿನ ಮುಂದಾದರೂ ನಾನು ನಿನ್ನ ತಮ್ಮನಾಗಿರಲು ಇಷ್ಟಪಡಲಿಲ್ಲ. ಇನ್ನೊಂದು ಮಾತು. ಐವತ್ತನಾಲ್ಕರಲ್ಲಿ ನಿಮ್ಮ ಲೀಗಿನ ಕೊನೆಯ ಆಟಕ್ಕೆ ನಾನು ಬಂದಿದ್ದೆನಲ್ಲ, ಹೆಬ್ಬೆರಳಿಗೆ ಕಟ್ಟು ಹಾಕಿಕೊಂಡು. ನೀನು ಬೇಸಿನ ಮೇಲೆ ಕೂತು ಅಳುತ್ತಿದ್ದೆ, ನಾನು ನಿನ್ನ ಬೆನ್ನು ತಟ್ಟುತ್ತಿದ್ದೆ. ತಟ್ಟುತ್ತಾ ನಾನು ಅಂದುಕೊಂಡದ್ದು: ಸದ್ಯ, ಇನ್ನು ಮನೆಯಲ್ಲಿ ಆಡುವವನು ನಾನೊಬ್ಬನೇ. ನಿನ್ನದನ್ನು ಹೇಳಿದೆಯಲ್ಲ, ಇದು ನನ್ನದು.

ಆದರೆ ಒಂದು ವಿಷಯಕ್ಕೆ ನಾನು ಇನ್ನೂ ಕುದಿಯುತ್ತಿದ್ದೇನೆ. ತಪ್ಪೆಲ್ಲಿದೆ ಎಂದು ನಾನು ಕೇಳಿದ್ದು ನೆಪಕ್ಕೆ. ತಪ್ಪು ನನಗೆ ಗೊತ್ತಿತ್ತು. ಆ ಕಾಲಿನಿಂದ ನೂಕಲು ನನಗೆ ಆಗುತ್ತಿರಲಿಲ್ಲ, ಬೇರೆ ಹೆಜ್ಜೆ ಏನಾದರೂ ಇದೆಯೇ ಎಂದು ನೀನು ನೋಡಿ ಹೇಳುತ್ತೀಯ ಎಂದುಕೊಂಡಿದ್ದೆ. ಬಾಯಿ ಬಿಟ್ಟು ಕೇಳಲು ನಾಚಿಕೆಯಾಯಿತು. ಎಲ್ಲ ಸರಿಯಾಗಿದೆ ಎಂದು ನೀನು ಬರೆದಾಗ ನಾನು ಏನೆಂದು ಓದಿಕೊಂಡೆ ಗೊತ್ತೇ? ಅಕ್ಕನಿಗೂ ಬೇರೆ ದಾರಿ ಕಾಣಲಿಲ್ಲ ಎಂದು. ಸರಿ, ದಾರಿ ಇಲ್ಲದ ಮೇಲೆ ಇದ್ದಷ್ಟು ದಿನ ಆಡೋಣ ಎಂದು ಆಡಿದೆ.

ಇತ್ತೇ? ಅದನ್ನು ಮಾತ್ರ ಹೇಳು.

ಬ್ರೋನೆಕ್


ಗ್ರ್ಯಾಂಡ್ ರ‍್ಯಾಪಿಡ್ಸ್
೨೮ ಅಕ್ಟೋಬರ್ ೧೯೫೬

ಬ್ರೋನೆಕ್,

ಇತ್ತು.

ಮೂರು ವಾರ ತಡೆದದ್ದು ಸುಳ್ಳು ಹುಡುಕಲು ಅಲ್ಲ. ಖಾತ್ರಿ ಮಾಡಿಕೊಳ್ಳಬೇಕಿತ್ತು. ಶನಿವಾರ ಮಧ್ಯಾಹ್ನ ಎಡಮೊಣಕಾಲು ಮಡಚದ ಹಾಗೆ ಎರಡು ಹಲಗೆ ಕಟ್ಟಿಕೊಂಡು ಮರದ ಅಡ್ಡೆಯ ಹಿಂದೆ ಹೋದೆ. ಕಾವಲುಗಾರ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನಲವತ್ತು ಸಲ ಮಾಡಿ ನೋಡಿದೆ.

ಬೇಸನ್ನು ದಾಟಬಾರದು. ಅದರ ಹಿಂದೆಯೇ ನಿಲ್ಲಬೇಕು. ಬಲಗಾಲಿನ ತುದಿಯಿಂದ ಬೇಸಿನ ಹಿಂದಂಚನ್ನು ಮುಟ್ಟಿ, ಮೈಭಾರವನ್ನೆಲ್ಲ ಆ ಕಾಲಿಗೇ ಕೊಟ್ಟು ಎಸೆಯಬೇಕು. ಜಾರಿ ಬರುವವನಿಗೆ ಮೊದಲು ಸಿಗುವುದು ಬೇಸು, ನಿನ್ನ ಕಾಲಲ್ಲ. ಎಸೆತಕ್ಕೆ ಅರ್ಧ ಹೆಜ್ಜೆ ತಡವಾಗುತ್ತದೆ. ಹತ್ತರಲ್ಲಿ ಒಬ್ಬ ಓಟಗಾರ ಉಳಿದುಕೊಳ್ಳುತ್ತಾನೆ. ಐವತ್ತೆರಡರಲ್ಲಿ ನನ್ನ ಎಡಗಾಲು ಊದಿಕೊಂಡಿದ್ದಾಗ ಬೇಸಿಗೆಗಾಲವೆಲ್ಲ ಹೀಗೇ ಆಡಿದ್ದೆ. ನೀನು ಆಗ ಟೆಕ್ಸಸ್‌ನಲ್ಲಿದ್ದೆ, ನೋಡಿರಲಿಲ್ಲ.

ಡೆಟ್ರಾಯಿಟ್‌ನಲ್ಲಿ ನನಗಿದು ನೆನಪಿತ್ತು.

ಪ್ರೂಟ್ ಹೇಳಿದನೆಂದು ಓದಿದಾಗ ಪತ್ರವನ್ನು ಮಡಚಿ ಹೊರಗೆ ಹೋಗಿ ಒಂದು ಸುತ್ತು ನಡೆದು ಬಂದೆ. ಆ ಹುಡುಗನ ಮುಂದೆ ನಾನು ಎಷ್ಟು ಸಣ್ಣವಳಾದೆ ಎಂದು ನಿನಗೆ ಹೇಳಬೇಕಾಗಿಲ್ಲ. ಕೊನೆಯ ಆಟದ ದಿನ ನೀನು ಏನಂದುಕೊಂಡೆ ಎಂಬುದನ್ನೂ ಓದಿದೆ. ಅದು ನೋಯಿಸಿತು. ಒಂದು ಕಡೆ ಸಮಾಧಾನವೂ ಆಯಿತು, ಯಾಕೆಂದು ಕೇಳಬೇಡ.

ಅಮ್ಮ ನೀನು ಕ್ರಿಸ್ಮಸ್‌ಗೆ ಬರುತ್ತೀಯೋ ಇಲ್ಲವೋ ಎಂದು ದಿನಾ ನನ್ನನ್ನು ಕೇಳುತ್ತಾಳೆ. ನನಗೆ ಏನು ಹೇಳಬೇಕೋ ಗೊತ್ತಿಲ್ಲ.

ಗೇನಿಯಾ


ಕ್ಯಾನ್ಸಸ್ ಸಿಟಿ
೧೦ ಡಿಸೆಂಬರ್ ೧೯೫೬

ಇಪ್ಪತ್ತೆರಡಕ್ಕೆ ಬರುತ್ತೇನೆ. ಜಾರ್ಜಿಯಾದಲ್ಲಿ ತೀರಾ ಸಣ್ಣ ಲೀಗಿನ ತಂಡವೊಂದಕ್ಕೆ ಕೋಚ್ ಆಗು ಅಂದಿದ್ದಾರೆ. ಕುಂಟುವವನು ಹುಡುಗರಿಗೆ ಏನು ತೋರಿಸುವುದು? ಇನ್ನೂ ಉತ್ತರ ಕೊಟ್ಟಿಲ್ಲ.

ಚರ್ಚಿನ ಶಾಲೆಯ ಆಟದ ಹಾಲ್‌ನ ಕೀಲಿ ಈಗಲೂ ಆ ಮುದುಕಿ ಸಿಸ್ಟರ್ ಹತ್ತಿರವೇ ಇದೆಯೇ? ಇಸಿದುಕೊಂಡಿರು. ನಿನ್ನ ಗ್ಲೌಸ್ ಹುಡುಕಿಡು. ಆ ಹೆಜ್ಜೆಯನ್ನು ಕಣ್ಣಿಂದ ನೋಡಬೇಕು. ಬರೆದದ್ದು ಅರ್ಥವಾಗಲಿಲ್ಲ.

ಬ್ರೋನೆಕ್


ಗ್ರ್ಯಾಂಡ್ ರ‍್ಯಾಪಿಡ್ಸ್
೯ ಜನವರಿ ೧೯೫೭

ಪ್ರೀತಿಯ ಬ್ರೋನೆಕ್,

ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ದೂರಬೇಡ, ಬೆರಳು ಮುರಿದವನು ನೀನು. ಡಾಕ್ಟರಿಗೆ ತೋರಿಸಿದೆ. ನೀನು ಪೆನ್ಸಿಲ್ ತುಂಡಿಟ್ಟು ಕಟ್ಟಿದ ಪಟ್ಟಿಯನ್ನು ನೋಡಿ, "ಇದನ್ನ ಯಾರು ಕಟ್ಟಿದ್ದು? ನಾನು ಬಿಚ್ಚೋ ಹಾಗೇ ಇಲ್ಲ, ಇಷ್ಟು ಚೆನ್ನಾಗಿದೆ" ಅಂದರು. ಒಂಬತ್ತು ವರ್ಷದಲ್ಲಿ ಕಲಿತ ವಿದ್ಯೆ ಅಂದೆ. ಉಂಗುರದ ಬೆರಳು, ಮೇಲಿನ ಗೆಣ್ಣು. ಸ್ವಲ್ಪ ಸೊಟ್ಟಗೆ ಉಳಿಯುತ್ತದಂತೆ.

ಇಲ್ಲಿದ್ದ ಹತ್ತು ದಿನವೂ ನಾವು ಸರಿಯಾಗಿ ಮಾತಾಡಲಿಲ್ಲ. ಊಟದ ಮೇಜಿನಲ್ಲಿ ಉಪ್ಪು ಕೊಡು, ಬ್ರೆಡ್ ಕೊಡು, ಇಷ್ಟೇ. ಅಮ್ಮ ನಮ್ಮಿಬ್ಬರ ಮುಖ ನೋಡಿ ನೋಡಿ ಸಾಕಾಗಿ ಅಡುಗೆಮನೆಗೆ ಹೋಗುತ್ತಿದ್ದಳು. ಆ ಶನಿವಾರ ಆಟದ ಹಾಲ್‌ನಲ್ಲೂ ನೀನು ಕುರ್ಚಿ ಎಳೆದುಕೊಂಡು, ಕಾಲು ಚಾಚಿ, ಚೆಂಡಿನ ಬುಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು, "ಹೂಂ, ತೋರ್ಸು" ಅಂದೆ, ಅಷ್ಟೇ. ನಾನು ತೋರಿಸಿದೆ. ನೀನು ಎಸೆದೆ, ನಾನು ಹಿಡಿದು, ತಿರುಗಿ, ಗೋಡೆಗೆ ಎಸೆದೆ. "ಇನ್ನೊಂದ್ಸಲ." ಮತ್ತೆ. "ಬಲಗಾಲು ಇನ್ನೂ ಹಿಂದೆ." ಮತ್ತೆ. ಹದಿನೈದು ಸಲವಾದ ಮೇಲೆ ನೀನು ಬೊಬ್ಬೆ ಹಾಕಲು ಶುರುಮಾಡಿದೆ. "ಎಡಗಡೆ ಚೆಂಡಿಗೆ ತಡವಾಗಿ ಹೊರಡ್ತಿದೀಯ ಕಣೇ! ಮೂವತ್ತೊಂದಕ್ಕೇ ಮುದುಕಿ ಆದ್ಯಾ? ಕುರ್ಚಿ ಹೊಲಿದೂ ಹೊಲಿದೂ ಸೊಂಟ ಕುರ್ಚಿಯಾಗಿದೆ!"

ನನಗೆ ರೇಗಿತು. ಯಾಕೆಂದರೆ ಅದು ನಿಜವಾಗಿತ್ತು. ನಿಜ ಕಂಡ ಕೂಡಲೇ ನೀನು ಹೇಳಿಬಿಟ್ಟೆ, ಐದು ವಾರ ಬಚ್ಚಿಟ್ಟುಕೊಳ್ಳಲಿಲ್ಲ. ಆ ಸಿಟ್ಟಿಗೇ ಮುಂದಿನ ಚೆಂಡಿಗೆ ಬೇಗ ಹೊರಟೆ, ಕಣ್ಣು ಗೋಡೆಯ ಕಡೆ ಹೋಯಿತು, ಚೆಂಡು ಬೆರಳಿಗೆ ಬಡಿಯಿತು. ಜೀವಮಾನದಲ್ಲಿ ಮೊದಲ ಸಲ ನನ್ನದೊಂದು ಮೂಳೆ ಮುರಿದ ಶಬ್ದ ಕೇಳಿದೆ.

ನೀನು ಕುರ್ಚಿಯಿಂದ ಎದ್ದು ಬಂದದ್ದು ನೆನಪಿದೆಯೇ? ಊರುಗೋಲು ಮರೆತು ಬಂದೆ. ನನ್ನ ಕೈ ಹಿಡಿದು, ಬೆರಳನ್ನು ತಿರುಗಿಸಿ ನೋಡಿ, "ಮುರಿದಿದೆ" ಅಂದೆ. ಆಮೇಲೆ ನಗಲು ಶುರುಮಾಡಿದೆ. ನನಗೆ ನೋವಿನಿಂದ ಕಣ್ಣಲ್ಲಿ ನೀರು, ನೀನು ನಗುತ್ತಿದ್ದೀಯ. "ಎಂಟು ವರ್ಷ ಏನೂ ಆಗ್ದೋಳಿಗೆ ಕುಂಟನ ಕೈಲಿ ಆಯ್ತಲ್ಲೇ!" ಅಂದೆ. ಆಗ ನನಗೂ ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ನಗುತ್ತಿದ್ದೆವೋ ಅಳುತ್ತಿದ್ದೆವೋ ಆ ಸಿಸ್ಟರ್‌ಗೂ ತಿಳಿಯಲಿಲ್ಲ. ಅವರು ಬಾಗಿಲಲ್ಲಿ ನಿಂತು ಶಿಲುಬೆ ಗುರುತು ಮಾಡಿಕೊಂಡು ಹೊರಟುಹೋದರು.

ಪಟ್ಟಿ ಸುತ್ತುವಾಗ ನೀನು ತಲೆ ಎತ್ತದೆ ಹೇಳಿದ ಮಾತು, "ನಂಗಿನ್ನೂ ಸಿಟ್ಟು ಹೋಗಿಲ್ಲ, ಗೊತ್ತಾಯ್ತಾ?" ಗೊತ್ತಾಯಿತು ಅಂದೆ. ಹೋಗುವುದು ಬೇಡ, ಅಷ್ಟು ಬೇಗ. ಹೋದರೆ ನಾನು ನಂಬುವುದಿಲ್ಲ.

ನೀನು ಹೋದ ಮೇಲೆ ನಡೆದದ್ದು ಇದು. ಅಪ್ಪ ನಿನ್ನ ಪೇಪರ್ ತುಂಡುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಕಟ್ಟಿದ. ಇನ್ನು ಹೊಸದು ಬರುವುದಿಲ್ಲವಲ್ಲ ಅಂದ. ಆಮೇಲೆ ನನ್ನ ಬೆರಳನ್ನು ನೋಡಿ, "ನೋಯ್ತಿದೆಯಾ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಲು ಅವನಿಗೆ ಅವಕಾಶವೇ ಕೊಟ್ಟಿರಲಿಲ್ಲ ನಾನು. ನೋಯುತ್ತಿದೆ ಅಂದೆ. ಎದ್ದು ಹೋಗಿ ಐಸ್ ತಂದುಕೊಟ್ಟ.

ಸೋಮವಾರ ಕಾರ್ಖಾನೆಗೆ ಹೋದೆ. ವ್ಯಾಂಡರ್‌ವೀನ್ ಪಟ್ಟಿ ನೋಡಿ, "ಏನಾಯ್ತಮ್ಮ, ಬಾಗಿಲಿಗೆ ಸಿಕ್ಕಿಸ್ಕೊಂಡ್ಯಾ?" ಅಂದ. ಬೇಸ್‌ಬಾಲ್ ಆಡುವಾಗ ಆಯಿತು ಅಂದೆ. ಅವನು ನಕ್ಕ. ನಾನು ನಗಲಿಲ್ಲ. ಮೂರು ವಾರ ಹಗುರ ಕೆಲಸಕ್ಕೆ ಹಾಕಿದ್ದಾನೆ, ಮೊಳೆ ಎಣಿಸುವುದು.

ಜಾರ್ಜಿಯಾಕ್ಕೆ ಒಪ್ಪಿಕೊಂಡೆ ಎಂದು ನಿನ್ನ ಕಾರ್ಡಿನಲ್ಲಿ ಓದಿದೆ. ಒಳ್ಳೆಯದಾಯಿತು. ಹುಡುಗರಿಗೆ ಆ ಹೆಜ್ಜೆ ಕಲಿಸು. ಯಾರಿಂದ ಕಲಿತೆ ಎಂದು ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಮಾರ್ಚ್ ಬಂದರೆ ನೀನು ಕುಂಟುತ್ತಲಾದರೂ ಮೈದಾನದಲ್ಲಿರುತ್ತೀಯ. ಒದ್ದೆ ಹುಲ್ಲು, ಹೊಸ ಚೆಂಡು, ಬೆಳಗಿನ ಬಿಸಿಲು, ನಿನ್ನನ್ನು ಕೋಚ್ ಎಂದು ಕರೆಯುವ ಇಪ್ಪತ್ತು ಹುಡುಗರು. ನಾನು ಇಲ್ಲಿ ಕುರ್ಚಿಗಳ ನಡುವೆ. ಹೊಟ್ಟೆ ಉರಿಯುತ್ತದೆ, ಬ್ರೋನೆಕ್. ಚೆನ್ನಾಗಿಯೇ ಉರಿಯುತ್ತದೆ. ಈ ಸಲ ಬರೆದೇ ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಗೇನಿಯಾ